ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಮರಳಿ ಪಡೆಯುವುದು ಹೇಗೆ? (ಪ್ರಶ್ನೋತ್ತರ)

ನಮ್ಮ ಬಳಗದಲ್ಲಿ ಈ ವಾರ ಬಂದ ಪ್ರಶ್ನೆಗಳಿಗೆ ರಾಯಚೂರಿನ ಲ್ಯಾಪ್‌ಟಾಪ್ ದುರಸ್ತಿ ತಂತ್ರಜ್ಞರೊಬ್ಬರ ಉತ್ತರ.

ಪ್ರಶ್ನೆ (ರಾಯಚೂರು, ಪದವಿ ವಿದ್ಯಾರ್ಥಿನಿ): 2021ರಲ್ಲಿ ಕೊಂಡ ಲ್ಯಾಪ್‌ಟಾಪ್. ಕೊಂಡಾಗಲೇ ವಿಂಡೋಸ್ 10 ಇತ್ತು. ನಿಧಾನವಾಯಿತೆಂದು ಅಂಗಡಿಯೊಂದಕ್ಕೆ ಕೊಟ್ಟೆವು. ‘ಹೊಸ ವಿಂಡೋಸ್’ ಹಾಕಿ ಕೊಟ್ಟರು. ಈಗ ಪರದೆಯ ಬಲಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಬರಹ ಬಂದು ಕುಳಿತಿದೆ. ಟಚ್‌ಪ್ಯಾಡ್ ಮೇಲೆ ಎರಡು ಬೆರಳಾಡಿಸಿದರೆ ಪುಟ ಸರಿಯುವುದಿಲ್ಲ. ಕೇಳಿದರೆ, ಕೀ ಬೇಕಾದರೆ ಬೇರೆ ದುಡ್ಡು ಎನ್ನುತ್ತಾರೆ. ನಮ್ಮ ಮೊದಲಿನ ವಿಂಡೋಸ್ ಮತ್ತೆ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಅದಕ್ಕೆ ಇನ್ನೊಮ್ಮೆ ದುಡ್ಡು ಕೊಡಬೇಡಿ, ಲ್ಯಾಪ್‌ಟಾಪ್ ಕೊಂಡ ದಿನವೇ ಕೊಟ್ಟಿದ್ದೀರಿ.

2012ರಲ್ಲಿ ವಿಂಡೋಸ್ 8 ಬಂದಾಗಿನಿಂದ, ವಿಂಡೋಸ್ ಸಮೇತ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ 25 ಅಕ್ಷರಗಳ ಕೀಲಿಯನ್ನು ಕಾರ್ಖಾನೆಯಲ್ಲೇ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲಿ (ಬೋರ್ಡಿನ ಚಿಪ್‌ನಲ್ಲೇ ಇರುವ ಮೂಲ ತಂತ್ರಾಂಶ) ಬರೆದುಬಿಡುತ್ತಾರೆ. ಅದು ಹಾರ್ಡ್‌ಡಿಸ್ಕ್‌ನಲ್ಲಿ ಇರುವುದಿಲ್ಲ. ಡಿಸ್ಕ್ ಫಾರ್ಮ್ಯಾಟ್ ಮಾಡಿದರೂ, ಡಿಸ್ಕನ್ನೇ ತೆಗೆದು ಹೊಸ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದರೂ ಕೀಲಿ ಅಲ್ಲೇ ಇರುತ್ತದೆ. ಹಾಗಾದರೆ ನಿಮ್ಮಲ್ಲಿ ‘ಆ್ಯಕ್ಟಿವೇಟ್’ ಎಂದು ಯಾಕೆ ಬಂತು? ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಲ್ಯಾಪ್‌ಟಾಪ್‌ಗಳಿಗೆ ಬರುವುದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿ. ಅಂಗಡಿಗಳವರು ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಒಂದೇ ಪೆನ್‌ಡ್ರೈವ್‌ನಿಂದ ‘ಪ್ರೊ’ ಹಾಕಿಬಿಡುತ್ತಾರೆ. ಹೋಮ್‌ನ ಕೀಲಿ ಪ್ರೊ ಆವೃತ್ತಿಗೆ ಹೊಂದುವುದಿಲ್ಲ. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟ ತೆರೆದು ಯಾವ ಆವೃತ್ತಿ ಇದೆ ನೋಡಿ. ಪ್ರೊ ಎಂದಿದ್ದರೆ ಕಾರಣ ಸಿಕ್ಕಿತು. ಪ್ರೊ ಇಂದ ಹೋಮ್‌ಗೆ ಹಾಗೆಯೇ ಇಳಿಯಲು ಬಾರದು, ಹೊಸದಾಗಿಯೇ ಹಾಕಬೇಕು.

ಹಾಕುವ ಮೊದಲು ನಿಮ್ಮ ಕಡತಗಳನ್ನೆಲ್ಲ ಬೇರೊಂದು ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ನಂತರ ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್ ಚುಚ್ಚಿ, ಮೈಕ್ರೋಸಾಫ್ಟ್‌ನ ಸ್ವಂತ ಜಾಲತಾಣದಿಂದಲೇ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿಕೊಂಡು ವಿಂಡೋಸ್ 11ರ ಪೆನ್‌ಡ್ರೈವ್ ತಯಾರಿಸಿ. ಅದು ಉಚಿತ. ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ, ನೆನಪಿರಲಿ. 2021ರ ಹೆಚ್ಚಿನ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ಕ್ಕೆ ಅರ್ಹ. ವಿಂಡೋಸ್ 10ರ ಜೊತೆ ಬಂದ ಕೀಲಿಯೇ ಅದಕ್ಕೂ ನಡೆಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದರಿಂದ ಹಳೆಯದಕ್ಕೆ ಹಿಂತಿರುಗುವುದು ಬೇಡ.

ಲ್ಯಾಪ್‌ಟಾಪ್ ಆರಿಸಿ, ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿದ ಕೂಡಲೇ ಬೂಟ್ ಪಟ್ಟಿಯ (ಯಾವುದರಿಂದ ಚಾಲೂ ಆಗಬೇಕೆಂದು ಕೇಳುವ ಪಟ್ಟಿ) ಗುಂಡಿಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ: ಡೆಲ್ ಮತ್ತು ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9, ಏಸಸ್‌ಗೆ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಕೆಲವು ಮಾದರಿಗಳಲ್ಲಿ ಬಯೋಸ್‌ಗೆ (ಫರ್ಮ್‌ವೇರ್‌ನ ಸೆಟ್ಟಿಂಗ್ ಪರದೆಗೆ) ಹೋಗಿ ಆ ಪಟ್ಟಿಯನ್ನು ಮೊದಲು ಚಾಲೂ ಮಾಡಬೇಕು. ಅಂಗಡಿಯವರು ಬಯೋಸ್‌ನಲ್ಲಿ ಬೂಟ್ ಬಗೆಯನ್ನು ‘ಲೆಗಸಿ’ (ಹಳೆಯ ಬಗೆ) ಎಂದು ಬದಲಾಯಿಸಿದ್ದರೆ ‘ಯುಇಎಫ್‌ಐ’ಗೆ (ಹೊಸ ಬಗೆಗೆ) ತನ್ನಿ. ಫರ್ಮ್‌ವೇರ್‌ನಲ್ಲಿ ಕೀಲಿ ಇದ್ದರೆ ಸೆಟಪ್ ಅದನ್ನು ತಾನೇ ಓದಿಕೊಂಡು, ಯಾವ ಆವೃತ್ತಿ ಬೇಕೆಂದು ಕೇಳದೆಯೇ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಆರಿಸಿಕೊಳ್ಳುತ್ತದೆ. ಹಾಗೇನಾದರೂ ಕೀಲಿ ಕೇಳಿದರೆ ‘ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ’ ಒತ್ತಿ, ಆ ಆವೃತ್ತಿಯನ್ನು ನೀವೇ ಆರಿಸಿ. ಇಂಟರ್‌ನೆಟ್ ಸಿಕ್ಕ ಮೇಲೆ ಆ್ಯಕ್ಟಿವೇಷನ್ ತಾನಾಗಿಯೇ ಆಗುತ್ತದೆ.

ಎರಡು ಕಡೆ ಜನ ಎಡವುತ್ತಾರೆ. 11ನೇ ತಲೆಮಾರಿನ ಮತ್ತು ಅನಂತರದ ಇಂಟೆಲ್ ಪ್ರೊಸೆಸರ್ ಇರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ, ಎಲ್ಲಿ ಹಾಕಬೇಕೆಂದು ಕೇಳುವ ಪುಟದಲ್ಲಿ ಡಿಸ್ಕ್ ಹೆಸರೇ ಇರುವುದಿಲ್ಲ. ಡಿಸ್ಕ್ ಸತ್ತಿದೆ ಎಂದು ಹೊಸದನ್ನು ಮಾರುವವರೂ ಇದ್ದಾರೆ! ಅಲ್ಲಿ ಬೇಕಿರುವುದು ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ (ಡಿಸ್ಕನ್ನು ವಿಂಡೋಸ್‌ಗೆ ಪರಿಚಯಿಸುವ ಸಣ್ಣ ತಂತ್ರಾಂಶ) ಅಷ್ಟೇ. ನಿಮ್ಮ ಮಾದರಿಯ ಹೆಸರು ಕೊಟ್ಟು ತಯಾರಕರ ಜಾಲತಾಣದಿಂದ ಅದನ್ನು ಇಳಿಸಿಕೊಂಡು, ಬಿಚ್ಚಿದ ಕಡತಗಳನ್ನು ಅದೇ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ; ‘ಲೋಡ್ ಡ್ರೈವರ್’ ಒತ್ತಿ ತೋರಿಸಿದರೆ ಡಿಸ್ಕ್ ಕಾಣಿಸುತ್ತದೆ. ಇನ್ನೊಂದು, ಸೆಟಪ್ ಮುಗಿಯುವ ಹಂತದಲ್ಲಿ ವೈಫೈ ಕಾಣಿಸದೆ ಮುಂದಕ್ಕೆ ಹೋಗದಿರುವುದು. ಆಂಡ್ರಾಯ್ಡ್ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿ, ಸಾಮಾನ್ಯವಾಗಿ ನೆಟ್ ಬರುತ್ತದೆ. ಟಚ್‌ಪ್ಯಾಡ್, ವೈಫೈ, ಧ್ವನಿ ಇವುಗಳ ಡ್ರೈವರ್‌ಗಳಲ್ಲಿ ಹೆಚ್ಚಿನವನ್ನು ವಿಂಡೋಸ್ ಅಪ್‌ಡೇಟ್ ತಂದುಕೊಡುತ್ತದೆ, ಉಳಿದವು ತಯಾರಕರ ತಾಣದಲ್ಲಿವೆ.

‘ಕ್ರ್ಯಾಕ್’ (ಕೀಲಿಯಿಲ್ಲದೆ ಆ್ಯಕ್ಟಿವೇಟ್ ಮಾಡುವ ಕಳ್ಳ ತಂತ್ರಾಂಶ) ಹಾಕಿಕೊಡುತ್ತೇವೆ ಎಂದರೆ ಖಂಡಿತ ಒಪ್ಪಬೇಡಿ. ಆ ತಂತ್ರಾಂಶ ಮೊದಲು ಕೇಳುವುದೇ ವಿಂಡೋಸ್‌ನ ವೈರಸ್ ಕಾವಲಾದ ಡಿಫೆಂಡರನ್ನು ಆಫ್ ಮಾಡಿ ಎಂದು. ಕಾವಲು ತೆಗೆಸಿ ಒಳಗೆ ಬರುವ ತಂತ್ರಾಂಶ ಇರುವ ಲ್ಯಾಪ್‌ಟಾಪ್‌ನಲ್ಲೇ ನೀವು ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತೀರಿ, ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೀರಿ.

ಇನ್ನು ನಿಧಾನದ ಮಾತು. ತಿರುಗುವ ಹಾರ್ಡ್‌ಡಿಸ್ಕ್ ಮತ್ತು 4 ಜಿಬಿ ರ‍್ಯಾಮ್ ಇದ್ದರೆ ಯಾವ ವಿಂಡೋಸ್ ಹಾಕಿದರೂ ಕೆಲವು ವಾರಗಳಲ್ಲಿ ಮತ್ತೆ ಅದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಫಾರ್ಮ್ಯಾಟ್ ಮೇಲೆ ಫಾರ್ಮ್ಯಾಟ್ ಹೊಡೆಸುವ ಬದಲು ಅದೇ ಹಣ ಎಸ್‌ಎಸ್‌ಡಿಗೆ ಹಾಕಿ.

ಪ್ರಶ್ನೆ (ಗಂಗಾವತಿ, ಅಕ್ಕಿ ಗಿರಣಿಯೊಂದರ ಲೆಕ್ಕಿಗ): ಲ್ಯಾಪ್‌ಟಾಪ್ ಆನ್ ಮಾಡಿದರೆ ‘ಆಟೋಮ್ಯಾಟಿಕ್ ರಿಪೇರ್’ ಎಂದು ಬಂದು ಅಲ್ಲೇ ಸುತ್ತುತ್ತದೆ. ಫಾರ್ಮ್ಯಾಟ್ ಮಾಡಲೇಬೇಕು ಎನ್ನುತ್ತಾರೆ. ಅದರಲ್ಲಿ ಟ್ಯಾಲಿ ಲೆಕ್ಕ, ನುಡಿ ತಂತ್ರಾಂಶದಲ್ಲಿ ಬರೆದ ಪತ್ರಗಳು, ಜಿಎಸ್‌ಟಿ ಕಾಗದಗಳು ಇವೆ. ಸುಗ್ಗಿಯ ಸಮಯ, ಮಾಲೀಕರಿಗೆ ಏನು ಹೇಳಲಿ ತಿಳಿಯುತ್ತಿಲ್ಲ.

ಉತ್ತರ: ಫಾರ್ಮ್ಯಾಟ್ ಎಂಬ ಮಾತನ್ನು ಸದ್ಯಕ್ಕೆ ಯಾರ ಬಾಯಿಂದಲೂ ಕೇಳಿಸಿಕೊಳ್ಳಬೇಡಿ. ವಿಂಡೋಸ್ ಏಳುತ್ತಿಲ್ಲವೆಂದ ಮಾತ್ರಕ್ಕೆ ಲೆಕ್ಕ ಹಾಳಾಗಿದೆ ಎಂದಲ್ಲ. ಮೊದಲು ದತ್ತಾಂಶ ಹೊರಗೆ ಬರಲಿ, ವಿಂಡೋಸ್ ಅರ್ಧ ದಿನದ ಕೆಲಸ.

ಆ ನೀಲಿ ಪರದೆಯಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’, ಅದರಲ್ಲಿ ‘ಟ್ರಬಲ್‌ಶೂಟ್’, ಮತ್ತೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’, ಅಲ್ಲಿ ‘ಕಮಾಂಡ್ ಪ್ರಾಂಪ್ಟ್’. ಕಪ್ಪು ಕಿಟಕಿ ತೆರೆದ ಮೇಲೆ ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷ್‌ನಲ್ಲಿ ಟೈಪಿಸಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ಬರುತ್ತದೆ. ಅದರ ‘ಫೈಲ್’, ‘ಓಪನ್’ ಒತ್ತಿ, ಕೆಳಗೆ ಕಡತದ ಬಗೆಯನ್ನು ‘ಆಲ್ ಫೈಲ್ಸ್’ಗೆ ಬದಲಾಯಿಸಿದರೆ ನಿಮ್ಮ ಡಿಸ್ಕ್‌ನಲ್ಲಿರುವುದೆಲ್ಲ ಆ ಸಣ್ಣ ಕಿಟಕಿಯಲ್ಲಿ ಕಾಣುತ್ತದೆ. ಬೇಕಾದ ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ ನಕಲು ಮಾಡಿ, ಪೆನ್‌ಡ್ರೈವ್‌ಗೆ ಹೋಗಿ ಅಂಟಿಸಿ. ಈ ಪರಿಸರದಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು, ನಿಮ್ಮ ‘ಸಿ’ ಇಲ್ಲಿ ‘ಡಿ’ ಎಂದು ಕಂಡರೆ ಗಾಬರಿ ಬೇಡ. ನಕಲು ಎಷ್ಟಾಯಿತೆಂದು ತೋರಿಸುವ ಪಟ್ಟಿ ಬರುವುದಿಲ್ಲ, ಕಿಟಕಿ ಅಲುಗಾಡದೆ ನಿಂತಂತೆ ಕಾಣುತ್ತದೆ. ನಿಂತಿಲ್ಲ, ನಕಲಾಗುತ್ತಿದೆ, ಕಾಯಿರಿ. ಮುಗಿದ ಮೇಲೆ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ.

ಟ್ಯಾಲಿಪ್ರೈಮ್ ಲೆಕ್ಕ ‘ಡಾಕ್ಯುಮೆಂಟ್ಸ್’ನಲ್ಲಿ ಇರುವುದಿಲ್ಲ, ಅಲ್ಲೇ ಹುಡುಕಿ ಇಲ್ಲವೆಂದು ಕೈಬಿಟ್ಟವರು ಬಹಳ. ಸಾಮಾನ್ಯವಾಗಿ ಅದು ‘ಸಿ’ ಡ್ರೈವ್‌ನ ‘ಯೂಸರ್ಸ್’, ‘ಪಬ್ಲಿಕ್’, ‘ಟ್ಯಾಲಿಪ್ರೈಮ್’, ‘ಡೇಟಾ’ ಎಂಬ ದಾರಿಯಲ್ಲಿರುತ್ತದೆ. ಅದರೊಳಗೆ ಬರೀ ಅಂಕಿಗಳ ಹೆಸರಿನ ಫೋಲ್ಡರ್‌ಗಳು, ಒಂದೊಂದು ಫೋಲ್ಡರ್ ಒಂದೊಂದು ಕಂಪನಿಯ ಲೆಕ್ಕ. ‘ಡೇಟಾ’ ಫೋಲ್ಡರನ್ನು ಇಡಿಯಾಗಿ ತೆಗೆದುಕೊಳ್ಳಿ. ಹೊಸದಾಗಿ ಟ್ಯಾಲಿ ಹಾಕಿದಾಗ ಪರವಾನಗಿಯ ಸೀರಿಯಲ್ ಸಂಖ್ಯೆ ಮತ್ತು ಅದಕ್ಕೆ ನೋಂದಾಯಿಸಿದ ಇಮೇಲ್ ಬೇಕು. ಆ ಇಮೇಲ್ ಯಾರ ಕೈಯಲ್ಲಿದೆ ಎಂದು ಈಗಲೇ ವಿಚಾರಿಸಿ.

ನುಡಿ ಪತ್ರಗಳು ಹಳೆಯ ನುಡಿ ಅಕ್ಷರಶೈಲಿಯಲ್ಲಿದ್ದರೆ, ಹೊಸ ವಿಂಡೋಸ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿತೆಂದು ಅಳಿಸಿದವರಿದ್ದಾರೆ. ನುಡಿ ಮತ್ತೆ ಹಾಕಿ, ಅಕ್ಷರಶೈಲಿ ಬಂದೊಡನೆ ಕನ್ನಡ ಮೊದಲಿನಂತೆ ನಿಲ್ಲುತ್ತದೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದರೆ ಅದರ ಡ್ರೈವರನ್ನೂ ಮರಳಿ ಹಾಕಬೇಕು, ಸಹಿ ಟೋಕನ್‌ನಲ್ಲೇ ಕ್ಷೇಮವಾಗಿರುತ್ತದೆ.

ಇಷ್ಟಾದ ಮೇಲೆ ‘ಟ್ರಬಲ್‌ಶೂಟ್’ನಲ್ಲಿ ‘ರೀಸೆಟ್ ದಿಸ್ ಪಿಸಿ’ ಇದೆ. ‘ಕೀಪ್ ಮೈ ಫೈಲ್ಸ್’ ಆರಿಸಿದರೆ ನಿಮ್ಮ ವೈಯಕ್ತಿಕ ಕಡತ ಉಳಿಯುತ್ತದೆ, ನೀವು ಹಾಕಿಕೊಂಡ ತಂತ್ರಾಂಶಗಳೆಲ್ಲ ಹೋಗುತ್ತವೆ. ಆ ಹೆಸರನ್ನು ನಂಬಿ ನಕಲು ಮಾಡದೆ ಮುಂದುವರಿಯಬೇಡಿ. ನಕಲಿನ ಹೊತ್ತಿಗೆ ಡಿಸ್ಕ್ ಕಟಕಟ ಶಬ್ದ ಮಾಡಿದರೆ ಅಥವಾ ಒಂದು ಫೋಲ್ಡರ್‌ಗೆ ಗಂಟೆಗಟ್ಟಲೆ ಹಿಡಿದರೆ ಅಲ್ಲಿಗೇ ನಿಲ್ಲಿಸಿ ಲ್ಯಾಪ್‌ಟಾಪ್ ಆರಿಸಿ. ಆಗ ಕೆಟ್ಟಿರುವುದು ಡಿಸ್ಕ್. ಆ ಡಿಸ್ಕ್ ಮೇಲೆ ರೀಸೆಟ್ ಓಡಿಸಿದರೆ ಉಳಿದದ್ದೂ ಹೋಗುತ್ತದೆ.

ಪ್ರಶ್ನೆ (ಬಳ್ಳಾರಿ): ನನ್ನದರಲ್ಲಿ ಬಯೋಸ್ ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂದು ‘ಬಿಟ್‌ಲಾಕರ್ ರಿಕವರಿ ಕೀ’ ಕೇಳುತ್ತಿದೆ. ನಾನು ಯಾವ ಬೀಗವನ್ನೂ ಹಾಕಿರಲಿಲ್ಲ.

ಉತ್ತರ: ನೀವು ಹಾಕಿಲ್ಲ, ವಿಂಡೋಸ್ ಹಾಕಿದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದ ಕೂಡಲೇ ಡಿಸ್ಕನ್ನು ಗೂಢಲಿಪಿಗೆ ತಿರುಗಿಸಿ, ಅದರ 48 ಅಂಕಿಗಳ ಕೀಲಿಯನ್ನು ಆ ಖಾತೆಗೆ ಕಳಿಸುತ್ತದೆ. ಬಯೋಸ್ ಬದಲಾದಾಗ, ಇವರು ನಿಜವಾದ ಒಡೆಯರೇ ಎಂದು ಕೇಳುತ್ತದೆ. ಮೊಬೈಲ್‌ನಲ್ಲೇ ಮೈಕ್ರೋಸಾಫ್ಟ್ ಖಾತೆ ತೆರೆದು, ಸಾಧನಗಳ ಪಟ್ಟಿಯಲ್ಲಿ ಬಿಟ್‌ಲಾಕರ್ ಕೀಲಿಗಳನ್ನು ನೋಡಿ. ಪರದೆಯ ಮೇಲಿನ ‘ಕೀ ಐಡಿ’ಯ ಮೊದಲ 8 ಅಕ್ಷರ ಯಾವುದರ ಜೊತೆ ಹೊಂದುತ್ತದೆಯೋ ಅದೇ ನಿಮ್ಮ ಕೀಲಿ.

ಮನೆಗಳಲ್ಲಿ ಆಗುವುದೇನೆಂದರೆ, ಕೊಂಡ ದಿನ ಮಗನದೋ ಅಳಿಯನದೋ ಇಮೇಲ್ ಹಾಕಿರುತ್ತಾರೆ, ಕೆಲವೊಮ್ಮೆ ಮಾರಿದ ಅಂಗಡಿಯವರೇ ಒಂದು ಖಾತೆ ತೆರೆದಿರುತ್ತಾರೆ. ಮನೆಯ ಎಲ್ಲರ ಖಾತೆಗಳನ್ನೂ ನೋಡಿ. ಕಾಲೇಜು ಅಥವಾ ಕಚೇರಿಯ ಖಾತೆಯಾಗಿದ್ದರೆ ಅಲ್ಲಿನ ಕಂಪ್ಯೂಟರ್ ವಿಭಾಗದಲ್ಲಿ ಕೇಳಿ. ಕೀಲಿ ಎಲ್ಲೂ ಇಲ್ಲವಾದರೆ ಆ ಡಿಸ್ಕ್‌ನ ಫೋಟೊ, ಕಡತಗಳನ್ನು ಯಾರೂ ತೆಗೆಯಲಾರರು. ಹೇಳಲು ನನಗೂ ಕಷ್ಟವಾಗುವ ಮಾತು ಇದು. ಆದರೆ ತೆಗೆದುಕೊಡುತ್ತೇವೆ ಎಂದು ಮುಂಗಡ ಕೇಳುವವರಿಗೆ ನೀವು ಮೋಸಹೋಗುವುದು ಅದಕ್ಕಿಂತ ಕಷ್ಟ. ಲ್ಯಾಪ್‌ಟಾಪ್ ಮಾತ್ರ ಕೆಡುವುದಿಲ್ಲ, ಮೇಲೆ ಹೇಳಿದಂತೆ ಪೆನ್‌ಡ್ರೈವ್‌ನಿಂದ ಎಲ್ಲ ಅಳಿಸಿ ಹೊಸದಾಗಿ ಹಾಕಬಹುದು.

ಇದನ್ನು ಓದುತ್ತಿರುವ ಉಳಿದವರು ಇಂದೇ ನಿಮ್ಮ ಬಿಟ್‌ಲಾಕರ್ ಕೀಲಿಯನ್ನು ಕಾಗದದ ಮೇಲೆ ಬರೆದು ಲ್ಯಾಪ್‌ಟಾಪ್ ಬಿಲ್ ಜೊತೆ ಇಡಿ.

ಪ್ರಶ್ನೆ (ಕುಷ್ಟಗಿ): ಪೆನ್‌ಡ್ರೈವ್ ಗೊಡವೆ ಇಲ್ಲದೆ ಕಾರ್ಖಾನೆಯಿಂದ ಬಂದ ಹಾಗೆಯೇ ಮಾಡಲು ಬರುವುದಿಲ್ಲವೇ? ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, ನೆಟ್ಟೂ ಅಷ್ಟಕ್ಕಷ್ಟೇ.

ಉತ್ತರ: ರಿಕವರಿ ಪಾರ್ಟಿಷನ್ (ತಯಾರಕರು ಮೂಲ ವಿಂಡೋಸ್ ಇಟ್ಟಿರುವ ಡಿಸ್ಕ್‌ನ ಭಾಗ) ಉಳಿದಿದ್ದರೆ ಬರುತ್ತದೆ. ಆನ್ ಮಾಡುವಾಗ ಎಚ್‌ಪಿಗೆ ಎಫ್11, ಏಸರ್‌ಗೆ ಆಲ್ಟ್ ಹಿಡಿದು ಎಫ್10. ಲೆನೊವೊದ ಹಲವು ಮಾದರಿಗಳ ಅಂಚಿನಲ್ಲಿ ಸೂಜಿಯಿಂದ ಒತ್ತುವ ‘ನೊವೊ’ ಗುಂಡಿ ಇದೆ. ಡೆಲ್‌ನಲ್ಲಿ ಎಫ್12 ಪಟ್ಟಿಯೊಳಗೆ ‘ಸಪೋರ್ಟ್ಅಸಿಸ್ಟ್ ಓಎಸ್ ರಿಕವರಿ’ ಇರುತ್ತದೆ. ಇದರಲ್ಲಿ ಡ್ರೈವರ್ ತೊಂದರೆ ಬಾರದು, ಆದರೆ ಕೊಂಡ ದಿನದ ಹಳೆಯ ವಿಂಡೋಸ್ ಮತ್ತು ತಿಂಗಳ ಮಟ್ಟಿಗೆ ನಡೆಯುವ ಆ್ಯಂಟಿವೈರಸ್‌ನಂಥ ಬೇಡದ ಸರಕೂ ಮರಳುತ್ತವೆ. ಆಮೇಲೆ ಅಪ್‌ಡೇಟ್‌ಗೆ ಹೇಗೂ ನೆಟ್ ಬೇಕು.

ರೀಸೆಟ್‌ನಲ್ಲಿ ‘ಕ್ಲೌಡ್ ಡೌನ್‌ಲೋಡ್’ ಆರಿಸಿದರೆ 4 ಜಿಬಿಗೂ ಮೀರಿ ಇಳಿಯಬಹುದು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಮನೆಯ ರೂಟರ್ ಆರುತ್ತದೆ. ನಿಮ್ಮಂಥ ಕಡೆ ‘ಲೋಕಲ್ ರೀಇನ್‌ಸ್ಟಾಲ್’ (ಲ್ಯಾಪ್‌ಟಾಪ್‌ನಲ್ಲೇ ಇರುವ ಕಡತಗಳಿಂದ ಮತ್ತೆ ಹಾಕುವುದು) ಒಳ್ಳೆಯದು. ಬ್ಯಾಟರಿ ತುಂಬಿರಲಿ, ಚಾರ್ಜರ್ ಚುಚ್ಚಿಯೇ ಇರಲಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಯುಪಿಎಸ್ ಇಲ್ಲದ ಕಡೆ ರೀಸೆಟ್‌ಗೆ ಹಚ್ಚಲೇಬೇಡಿ.

ಪ್ರಶ್ನೆ (ಸಿಂಧನೂರು): ಆಫೀಸ್ ತಂತ್ರಾಂಶವೂ ಲ್ಯಾಪ್‌ಟಾಪ್ ಜೊತೆ ಬಂದಿತ್ತು. ಅದರ ಕೀಲಿಯೂ ಮದರ್‌ಬೋರ್ಡ್‌ನಲ್ಲಿದೆಯೇ?

ಉತ್ತರ: ಇಲ್ಲ. ಮೊದಲ ಸಲ ತೆರೆದಾಗ ಯಾವ ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿದಿರೋ ಅದಕ್ಕೆ ಕಟ್ಟುಬಿದ್ದಿರುತ್ತದೆ. ಅದೇ ಖಾತೆಯಿಂದ ಮೈಕ್ರೋಸಾಫ್ಟ್ ತಾಣಕ್ಕೆ ಹೋಗಿ ಮತ್ತೆ ಇಳಿಸಿಕೊಳ್ಳಿ.

ಪ್ರಶ್ನೆ (ಕೊಪ್ಪಳ): ನನ್ನದು ವಿಂಡೋಸ್ 7 ಕಾಲದ್ದು. ಕೆಳಗಿನ ಸ್ಟಿಕ್ಕರ್ ಅಳಿಸಿಹೋಗಿದೆ. ಮಕ್ಕಳ ಅಭ್ಯಾಸಕ್ಕೆ ಬೇಕು.

ಉತ್ತರ: ಆಗ ಕೀಲಿ ಇರುತ್ತಿದ್ದುದು ಆ ಸ್ಟಿಕ್ಕರ್ ಮೇಲೆಯೇ. ಕೆಲವು ಮಾದರಿಗಳಲ್ಲಿ ಬ್ಯಾಟರಿ ತೆಗೆದರೆ ಒಳಗಡೆ ಅಂಟಿಸಿರುತ್ತಾರೆ, ಅಲ್ಲೊಮ್ಮೆ ನೋಡಿ. ಸಿಕ್ಕರೂ ವಿಂಡೋಸ್ 7 ಬೇಡ, ಅದರ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಸಿ. ಕನ್ನಡ ಟೈಪಿಂಗ್, ಬ್ರೌಸರ್, ಲಿಬ್ರೆಆಫೀಸ್ ಎಲ್ಲ ಇದೆ, ಶಾಲೆಯ ಮಕ್ಕಳಿಗೆ ಧಾರಾಳವಾಗಿ ಸಾಕು. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಒಪ್ಪಿಗೆಯಾದರೆ ಆಮೇಲೆ ಹಾಕಿಸಿ.

ಪ್ರಶ್ನೆ (ರಾಯಚೂರು): ಮದರ್‌ಬೋರ್ಡನ್ನೇ ಬದಲಾಯಿಸಿದ್ದರೆ?

ಉತ್ತರ: ಹಳೆಯ ಬೋರ್ಡ್ ಜೊತೆ ಕೀಲಿಯೂ ಹೋಗುತ್ತದೆ. ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ಬದಲಾಯಿಸಿದ್ದರೆ ಬಿಲ್ ಹಿಡಿದು ಹೋಗಿ, ಬಂದಿದ್ದ ಆವೃತ್ತಿ ಮತ್ತೆ ಆ್ಯಕ್ಟಿವೇಟ್ ಆಗಿರಬೇಕೆಂದು ಪಟ್ಟುಹಿಡಿದು ಕೇಳಿ. ಲ್ಯಾಪ್‌ಟಾಪ್ ವಾಪಸು ಪಡೆಯುವಾಗ ಅಲ್ಲಿಯೇ, ಅವರ ಮೇಜಿನ ಮೇಲೆಯೇ ಆ್ಯಕ್ಟಿವೇಷನ್ ಪುಟ ತೆರೆಸಿ ನೋಡಿ, ಆಮೇಲೆ ಸಹಿ ಹಾಕಿ.