ಪ್ಲೇಟ್ ಮೇಲೆ ಇ. ಕೋಲಿಯನ್ನು ಪೂರ್ತಿ ಒಡೆಯುವ ಫೇಜ್ (ಬ್ಯಾಕ್ಟೀರಿಯಾ ಕೊಲ್ಲುವ ವೈರಸ್), ಇಲಿಯ ಕರುಳಿನಲ್ಲಿ ಯಾಕೆ ಸೋಲುತ್ತದೆ?

ಮೃದುಅಗರ್ (ಪ್ರಶ್ನೆ)

ವಿವರವನ್ನೆಲ್ಲ ಮೊದಲೇ ಬರೆಯುತ್ತೇನೆ, ಊಹಿಸುವ ಕೆಲಸ ಯಾರಿಗೂ ಬೇಡ.

ಸಿ57ಬಿಎಲ್/6 ತಳಿಯ ಹೆಣ್ಣು ಇಲಿಗಳು, 8 ವಾರ ವಯಸ್ಸು, ಪಂಜರಕ್ಕೆ ನಾಲ್ಕು. ಕುಡಿಯುವ ನೀರಿನಲ್ಲಿ ಲೀಟರಿಗೆ 5 ಗ್ರಾಂ ಸ್ಟ್ರೆಪ್ಟೊಮೈಸಿನ್ ಸಲ್ಫೇಟ್. ಎರಡು ದಿನದ ನಂತರ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ಇ. ಕೋಲಿ ಎಂಜಿ1655 ಬಾಯಿಯಿಂದ ಕೊಟ್ಟಿದ್ದು, ಅದು ಹಿಕ್ಕೆಯಲ್ಲಿ ಗ್ರಾಂಗೆ ಸುಮಾರು 10⁸ ಸಿಎಫ್‌ಯು (ಕಾಲನಿ ಎಣಿಸಿ ತಿಳಿಯುವ ಜೀವಂತ ಬ್ಯಾಕ್ಟೀರಿಯಾ ಸಂಖ್ಯೆ) ಮಟ್ಟದಲ್ಲಿ ನೆಲೆನಿಂತಿದೆ. ಫೇಜ್ ಒಳಚರಂಡಿ ನೀರಿನಿಂದ ಬೇರ್ಪಡಿಸಿದ್ದು. ಸ್ಪಾಟ್ ಟೆಸ್ಟ್‌ನಲ್ಲಿ (ಬ್ಯಾಕ್ಟೀರಿಯಾ ಹರಡಿದ ಪ್ಲೇಟ್ ಮೇಲೆ ಫೇಜ್ ಹನಿ ಹಾಕಿ ನೋಡುವುದು) ಜಾಗ ಪೂರ್ತಿ ತಿಳಿ, ಬ್ರಾತ್‌ನಲ್ಲಿ 3 ಗಂಟೆಯೊಳಗೆ ಕಲ್ಚರ್ ತಿಳಿಯಾಗುತ್ತದೆ. ಫೇಜ್ ಡೋಸ್ 10⁹ ಪಿಎಫ್‌ಯು (ಪ್ಲೇಕ್, ಅಂದರೆ ಫೇಜ್ ಬ್ಯಾಕ್ಟೀರಿಯಾ ಒಡೆದು ಮಾಡಿದ ತಿಳಿ ಚುಕ್ಕೆ, ಎಣಿಸಿ ತಿಳಿಯುವ ಫೇಜ್ ಸಂಖ್ಯೆ), 0.2 ಮಿಲೀ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್), ಒಂದೇ ಸಲ ಗವೇಜ್ (ಬಾಯಿಯ ಮೂಲಕ ಸೂಜಿಯಿಂದ ನೇರ ಹೊಟ್ಟೆಗೆ).

ಮೊದಲ ದಿನ ಇ. ಕೋಲಿ ಒಂದು ಲಾಗ್ (ಹತ್ತು ಪಟ್ಟು) ಇಳಿಯುತ್ತದೆ, 3ನೇ ದಿನಕ್ಕೆ ಮತ್ತೆ ಮೊದಲಿನಷ್ಟೇ. ಫೇಜ್ ಮೊದಲ ದಿನ ಹಿಕ್ಕೆಯ ಗ್ರಾಂಗೆ 10⁹ ಹತ್ತಿರ, 3ನೇ ದಿನದಿಂದ 10⁶ ಮತ್ತು 10⁷ರ ನಡುವೆ. ಹಿಕ್ಕೆಯನ್ನು (ಸುಮಾರು 30 ಮಿಗ್ರಾಂ) 1 ಮಿಲೀ ಎಸ್‌ಎಂ ಬಫರ್‌ನಲ್ಲಿ ಅರೆಯುತ್ತೇವೆ. ಎಲ್ಲ ಪಂಜರದ ಮಾದರಿ ಸೇರಿದ ಮೇಲೆ ಒಟ್ಟಿಗೆ ಪ್ಲೇಟ್ ಮಾಡುವುದರಿಂದ ಟ್ಯೂಬ್‌ಗಳು ಮೇಜಿನ ಮೇಲೆ ಒಂದು, ಒಂದೂವರೆ ಗಂಟೆ ಇರುತ್ತವೆ.

ಇನ್ನೊಂದು ತೊಡಕು: ಬರೀ ಬಫರ್ ಕೊಟ್ಟ ಕಂಟ್ರೋಲ್ ಪಂಜರದ ಎರಡು ಇಲಿಗಳ ಹಿಕ್ಕೆಯಲ್ಲೂ ಪ್ಲೇಕ್ ಬಂದಿವೆ.

ಫೇಜ್ ಬದಲಿಸಬೇಕೇ, ಡೋಸ್ ಹೆಚ್ಚಿಸಬೇಕೇ, ಅಥವಾ ತಪ್ಪು ಬೇರೆಲ್ಲಾದರೂ ಇದೆಯೇ?

ಪ್ಲೇಕ್‌ಗಣಕ

ಫೇಜ್ ಬದಲಿಸುವ ಮೊದಲು ನಿಮ್ಮ ಎಣಿಕೆಯನ್ನು ಅನುಮಾನಿಸಿ. ಮೊದಲ ದಿನ ಇಳಿದ ಆ ಒಂದು ಲಾಗ್ ಕರುಳಿನಲ್ಲಿ ಇಳಿದದ್ದೋ, ಮೇಜಿನ ಮೇಲಿನ ಟ್ಯೂಬ್‌ನಲ್ಲಿ ಇಳಿದದ್ದೋ?

ಲೆಕ್ಕ ಹಾಕಿ ನೋಡಿ. ಗ್ರಾಂಗೆ 10⁹ ಫೇಜ್ ಇರುವ 30 ಮಿಗ್ರಾಂ ಹಿಕ್ಕೆ 1 ಮಿಲೀ ಬಫರ್‌ಗೆ ಬಿದ್ದರೆ ಟ್ಯೂಬ್‌ನಲ್ಲಿ ಮಿಲೀಗೆ 3×10⁷ ಫೇಜ್. ಫೇಜ್ ಬ್ಯಾಕ್ಟೀರಿಯಾಕ್ಕೆ ಅಂಟುವ ದರವನ್ನು ನಿಮಿಷಕ್ಕೆ 10⁻⁹ ಮಿಲೀ ಎಂದು ಹಿಡಿಯಿರಿ, ಟಿ4 ಥರದ ಫೇಜ್‌ಗಳಿಗೆ ಇದೇ ಆಸುಪಾಸು. ಅಂದರೆ ನಿಮಿಷಕ್ಕೆ 0.03. ಹತ್ತರಲ್ಲಿ ಒಂಬತ್ತು ಬ್ಯಾಕ್ಟೀರಿಯಾಕ್ಕೆ ಫೇಜ್ ಅಂಟಲು 2.3 ಭಾಗಿಸು 0.03, ಅಂದರೆ 77 ನಿಮಿಷ. ನಿಮ್ಮ ಟ್ಯೂಬ್‌ಗಳು ಮೇಜಿನ ಮೇಲೆ ಇರುವುದು ಅಷ್ಟೇ ಹೊತ್ತು! ಎಸ್‌ಎಂ ಬಫರ್‌ನಲ್ಲಿರುವ 8 ಮಿಲಿಮೋಲಾರ್ ಮೆಗ್ನೀಸಿಯಂ ಫೇಜ್ ಅಂಟುವುದಕ್ಕೆ ಅನುಕೂಲವನ್ನೇ ಮಾಡುತ್ತದೆ. ಫೇಜ್ ಕೆಡದಂತೆ ಇಡಲು ಒಳ್ಳೆಯ ಬಫರ್ ಅದು, ಆದರೆ ಬ್ಯಾಕ್ಟೀರಿಯಾ ಎಣಿಸಲು ತಪ್ಪು ಬಫರ್.

ಹೀಗೆ ಮಾಡಿ. ಹಿಕ್ಕೆ ಬಿದ್ದ ತಕ್ಷಣ, ಮೊದಲೇ ತೂಗಿಟ್ಟ ಟ್ಯೂಬ್‌ಗೆ ಹಾಕಿ ಐಸ್ ಮೇಲಿಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ತಣ್ಣನೆಯ ಪಿಬಿಎಸ್‌ಗೆ ಸೋಡಿಯಂ ಸಿಟ್ರೇಟ್ 5 ಮಿಲಿಮೋಲಾರ್ ಆಗುವಷ್ಟು ಸೇರಿಸಿ ಅದರಲ್ಲಿ ಅರೆಯಿರಿ. ದಪ್ಪ ಕಣಗಳು ಒಂದು ನಿಮಿಷ ತಾವಾಗಿ ಕೆಳಗೆ ಕೂರಲಿ. ಮೇಲಿನದನ್ನು 5,000 ಜಿ, 5 ನಿಮಿಷ, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ. ಮೇಲೆ ನಿಂತ ದ್ರವ ಫೇಜ್ ಎಣಿಕೆಗೆ, ಅದನ್ನು 0.45 ಮೈಕ್ರಾನ್ ಪಿಇಎಸ್ ಫಿಲ್ಟರ್‌ನಲ್ಲಿ ಸೋಸಿ. ನೈಟ್ರೊಸೆಲ್ಯುಲೋಸ್ ಫಿಲ್ಟರ್ ಬೇಡ, ಫೇಜ್ ಅದಕ್ಕೇ ಅಂಟಿಕೊಂಡು ಟೈಟರ್ (ಮಿಲೀಗೆ ಎಷ್ಟು ಫೇಜ್ ಎಂಬ ಅಂಕಿ) ಸುಳ್ಳಾಗುತ್ತದೆ. ಕೆಳಗಿನ ಪೆಲೆಟ್ ಎರಡು ಸಲ ಅದೇ ಬಫರ್‌ನಲ್ಲಿ ತೊಳೆದು ಪ್ಲೇಟ್ ಮಾಡಿ.

ತೊಳೆದದ್ದು ಸಾಕಾಯಿತೇ ಎಂದು ತಿಳಿಯಲು ಒಂದೇ ದಾರಿ ಇದೆ. ಫೇಜ್ ಕೊಡದ ಇಲಿಯ ಹಿಕ್ಕೆ ಎರಡು ಟ್ಯೂಬ್ ತೆಗೆದುಕೊಳ್ಳಿ. ಒಂದಕ್ಕೆ ಅರೆಯುವ ಹೊತ್ತಿಗೆ 3×10⁷ ಫೇಜ್ ಸೇರಿಸಿ, ಇನ್ನೊಂದಕ್ಕೆ ಏನೂ ಬೇಡ. ಎರಡರ ಸಿಎಫ್‌ಯು ಒಂದೇ ಬರಬೇಕು. ಬರದಿದ್ದರೆ ಮೊದಲ ದಿನದ ಇಳಿಕೆಯ ಮಾತೇ ಎತ್ತಬೇಡಿ.

ಸ್ಪಾಟ್ ಟೆಸ್ಟ್ ಬಗ್ಗೆಯೂ ಹೇಳಬೇಕು. ಗಾಢವಾದ ಲೈಸೇಟ್ (ಫೇಜ್ ಬ್ಯಾಕ್ಟೀರಿಯಾ ಒಡೆದ ಮೇಲೆ ಸಿಗುವ ದ್ರವ) ಹನಿ ಹಾಕಿದರೆ ಫೇಜ್ ಒಳಗೆ ಬೆಳೆಯದೆಯೂ ಬ್ಯಾಕ್ಟೀರಿಯಾ ಹೊರಗಿನಿಂದಲೇ ಒಡೆದು ಜಾಗ ತಿಳಿಯಾಗುತ್ತದೆ. ಹತ್ತರ ಮಡಿಯಲ್ಲಿ ತೆಳು ಮಾಡುತ್ತ ಹೋಗಿ, ಬಿಡಿಬಿಡಿ ಪ್ಲೇಕ್ ಕಾಣುವವರೆಗೆ. ಮೇಲ್ಪದರಕ್ಕೆ 0.5% ಅಗರ್, 47 ಡಿಗ್ರಿಯಲ್ಲಿಟ್ಟದ್ದು. 100 ಮೈಕ್ರೊಲೀಟರ್ ಫೇಜ್, ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.4ರ ಕಲ್ಚರ್ 100 ಮೈಕ್ರೊಲೀಟರ್, 10 ನಿಮಿಷ ಬಿಟ್ಟು ಸುರಿಯಿರಿ. 30ರಿಂದ 300 ಪ್ಲೇಕ್ ಇರುವ ಪ್ಲೇಟ್ ಮಾತ್ರ ಎಣಿಸಿ. 10⁻⁶ ಪ್ಲೇಟ್‌ನಲ್ಲಿ 84 ಬಂದರೆ ಮಿಲೀಗೆ 8.4×10⁸.

ಲೋಳೆಪದರ

ಎಣಿಕೆ ಸರಿಮಾಡಿಕೊಂಡ ಮೇಲೂ 3ನೇ ದಿನದ ಸ್ಥಿತಿ ಹೆಚ್ಚು ಬದಲಾಗಲಿಕ್ಕಿಲ್ಲ. ಮೇಲಿನ ದರವನ್ನೇ ಕರುಳಿಗೆ ಹಾಕಿ ನೋಡಿ. ಇ. ಕೋಲಿ 90 ನಿಮಿಷಕ್ಕೊಮ್ಮೆ ಇಬ್ಭಾಗ ಆಗುತ್ತದೆ ಎಂದುಕೊಂಡರೆ ಅದರ ಬೆಳವಣಿಗೆ ನಿಮಿಷಕ್ಕೆ 0.0077. ಸಾವು ಅದಕ್ಕೆ ಸಮ ಆಗಬೇಕಾದರೆ ಮಿಲೀಗೆ 7.7×10⁶ ಫೇಜ್ ಬೇಕು. ಹಿಕ್ಕೆಯ ಜೊತೆ ಹೊರಹೋಗುವ ಲೆಕ್ಕವನ್ನು ಇಲ್ಲಿ ಬಿಟ್ಟಿದ್ದೇನೆ. ನಿಮ್ಮ ಫೇಜ್ ಇರುವುದು 10⁶ ಮತ್ತು 10⁷ರ ನಡುವೆ, ಸರಿಯಾಗಿ ಆ ಗೆರೆಯ ಮೇಲೆ. ಸಾಯುವಷ್ಟೇ ಹುಟ್ಟುತ್ತಿವೆ. ಫೇಜ್ ಸೋತಿಲ್ಲ, ಅದು ಇ. ಕೋಲಿಯ ಜೊತೆ ಒಂದು ಮಟ್ಟದಲ್ಲಿ ನಿಂತಿದೆ. ಒಮ್ಮೆ ಕೊಡುವ ಡೋಸನ್ನು ಹತ್ತು ಪಟ್ಟು ಮಾಡಿದರೂ ಕೆಲವು ದಿನಕ್ಕೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಆ ದರ ಅಲುಗಾಡಿಸಿದ ಬ್ರಾತ್‌ನದ್ದು. ಸೀಕಮ್‌ನ (ದೊಡ್ಡ ಕರುಳಿನ ಆರಂಭದ ಚೀಲ) ಗಂಜಿಯಂಥ ಸಾರದಲ್ಲಿ ಇನ್ನೂ ಕಡಿಮೆ. ನಿಮ್ಮ ಫೇಜ್‌ನ ದರವನ್ನು ನೀವೇ ಅಳೆಯಿರಿ: ಮಿಲೀಗೆ 10⁸ ಬ್ಯಾಕ್ಟೀರಿಯಾ, 10⁶ ಫೇಜ್, ಎರಡು ನಿಮಿಷಕ್ಕೊಮ್ಮೆ ಮಾದರಿ ತೆಗೆದು ಕ್ಲೋರೋಫಾರ್ಮ್ ಹಾಕಿ ಬಿಡಿ ಫೇಜ್ ಎಣಿಸಿ. ಹತ್ತು ನಿಮಿಷಕ್ಕೆ 37% ಉಳಿದರೆ ದರ 10⁻⁹. ಮೊದಲ ಒಡೆತಕ್ಕೆ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ದರೆ ಹೊಸ ಫೇಜ್ ಸೇರಿ ಲೆಕ್ಕ ಕೆಡುತ್ತದೆ. ಇದನ್ನೇ ಆಮ್ಲಜನಕ ಇಲ್ಲದ ಚೇಂಬರ್‌ನಲ್ಲಿ ಬೆಳೆಸಿದ ಕಲ್ಚರ್ ಮೇಲೂ ಮಾಡಿ. ಗಾಳಿಯಲ್ಲಿ ಬೆಳೆದ ಇ. ಕೋಲಿಯ ಮೇಲಿನ ಫಲಿತಾಂಶವನ್ನು ಕರುಳಿಗೆ ಒಯ್ಯುವುದು ಈ ಕ್ಷೇತ್ರದ ಹಳೆಯ ತಪ್ಪು.

ಇನ್ನು ಉಳಿದ ಬ್ಯಾಕ್ಟೀರಿಯಾ ಯಾವುವು? 3ನೇ ದಿನದ ಪ್ಲೇಟ್‌ನಿಂದ 20 ಕಾಲನಿ ಆರಿಸಿ. ಫೇಜ್ ಉಳಿಯದಂತೆ ಮೂರು ಸಲ ಗೀರಿ ಶುದ್ಧ ಮಾಡಿ. ಆಮೇಲೆ ಪ್ಲೇಟ್ ಮೇಲೆ ಫೇಜ್‌ನ ಒಂದು ಗೆರೆ ಒಣಗಿಸಿ, ಅದನ್ನು ಅಡ್ಡ ದಾಟುವಂತೆ ಪ್ರತಿ ಕಾಲನಿಯನ್ನು ಗೀರಿ. ಗೆರೆ ದಾಟಿಯೂ ಬೆಳೆದರೆ ಅದು ಫೇಜ್‌ಗೆ ಬಗ್ಗದ ಮ್ಯುಟೆಂಟ್. ಗೆರೆಯಲ್ಲೇ ನಿಂತರೆ ಅದಿನ್ನೂ ಸೂಕ್ಷ್ಮವಾಗಿಯೇ ಇದೆ, ಎಲ್ಲೋ ಅಡಗಿಕೊಂಡು ಬದುಕಿದೆ. ಹೆಚ್ಚಿನವರು ಮೊದಲನೆಯದೇ ಕಾರಣ ಎಂದುಕೊಂಡು ಕಾಕ್‌ಟೇಲ್ (ಹಲವು ಫೇಜ್‌ಗಳ ಮಿಶ್ರಣ) ಮಾಡಲು ಓಡುತ್ತಾರೆ. 2004ರಲ್ಲೇ ಸ್ವಿಟ್ಜರ್ಲೆಂಡಿನ ತಂಡವೊಂದು ತೋರಿಸಿದ್ದು ಎರಡನೆಯದನ್ನು: ಹೊಸದಾಗಿ ಬಿಟ್ಟ ಇ. ಕೋಲಿ ಇಲಿಯ ಕರುಳಿನಲ್ಲಿ ಒಡೆಯಿತು, ಮೊದಲಿನಿಂದ ಅಲ್ಲೇ ನೆಲೆಸಿದ್ದ ಇ. ಕೋಲಿ ಪ್ಲೇಟ್ ಮೇಲೆ ಅದೇ ಫೇಜ್‌ಗೆ ಬಗ್ಗಿದರೂ ಕರುಳಿನಲ್ಲಿ ಅಷ್ಟಾಗಿ ಅಲುಗಲಿಲ್ಲ. 2020ರಲ್ಲಿ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯವರ ಕೆಲಸ ಇನ್ನೂ ಮುಂದೆ ಹೋಗಿ ಕರುಳಿನ ಒಳಸಾರ ಮತ್ತು ಗೋಡೆಯ ಲೋಳೆಯನ್ನು ಬೇರೆಬೇರೆ ನೋಡಿತು. ಗೋಡೆಯ ಕಡೆ ಬ್ಯಾಕ್ಟೀರಿಯಾಕ್ಕೆ ಆಸರೆ ಇದೆ. ಹಾಗಾಗಿ ಹಿಕ್ಕೆ ಒಂದನ್ನೇ ನಂಬಬೇಡಿ. ಕೊನೆಯ ದಿನ ಇಲಿಯಮ್ (ಸಣ್ಣ ಕರುಳಿನ ಕೊನೆಯ ಭಾಗ), ಸೀಕಮ್, ಕೋಲನ್ (ದೊಡ್ಡ ಕರುಳು) ಮೂರನ್ನೂ ತೆಗೆಯಿರಿ. ಒಳಸಾರ ಹಿಂಡಿ ಒಂದು ಟ್ಯೂಬ್‌ಗೆ, ಗೋಡೆಯನ್ನು ಪಿಬಿಎಸ್‌ನಲ್ಲಿ ಅದ್ದಿ ತೊಳೆದು ಅರೆದು ಇನ್ನೊಂದಕ್ಕೆ.

ಡೋಸ್ ವಿಚಾರಕ್ಕೆ ಸ್ಮಿತ್ ಮತ್ತು ಹಗ್ಗಿನ್ಸ್ ಎಂಬ ಸಂಶೋಧಕರು ಕರುಗಳ ಮೇಲೆ ಮಾಡಿದ 1983ರ ಪ್ರಯೋಗವನ್ನು ಇವತ್ತಿಗೂ ಓದಬೇಕು. ಎರಡು ಫೇಜ್‌ಗಳ ಮಿಶ್ರಣವನ್ನು ಭೇದಿ ಶುರುವಾಗುವ ಮೊದಲು ಕೊಟ್ಟಾಗ ಕರುಗಳು ಬದುಕಿದವು, ಶುರುವಾದ ಮೇಲೆ ಅದೇ ಮಿಶ್ರಣ ಉಪಯೋಗಕ್ಕೆ ಬರಲಿಲ್ಲ. ಸಮಯಕ್ಕೆ ಅಷ್ಟು ಬೆಲೆ ಇದೆ.

ಪಂಜರಸಾಲು

ಕಂಟ್ರೋಲ್ ಇಲಿಗಳಲ್ಲಿ ಪ್ಲೇಕ್ ಬಂದದ್ದು ನನಗೆ ಎಲ್ಲಕ್ಕಿಂತ ದೊಡ್ಡ ಸಮಸ್ಯೆಯಾಗಿ ಕಾಣುತ್ತಿದೆ. ಇಲಿಗಳು ಹಿಕ್ಕೆ ತಿನ್ನುತ್ತವೆ. ಒಂದೇ ಪಂಜರದ ನಾಲ್ಕಕ್ಕೂ ಫೇಜ್ ಹಂಚಿಹೋಗುತ್ತದೆ, ಆದ್ದರಿಂದ ನಿಮ್ಮ ಲೆಕ್ಕದಲ್ಲಿ ಒಂದು ಪಂಜರ ಅಂದರೆ ಒಂದು ಅಂಕಿ, ನಾಲ್ಕಲ್ಲ. ಪಂಜರದಿಂದ ಪಂಜರಕ್ಕೆ ದಾಟಿದ್ದು ಮಾತ್ರ ಕೈಗವಸು, ಗವೇಜ್ ಸೂಜಿ, ಹಾಸು ಬದಲಿಸುವ ಮೇಜು, ಇವುಗಳಿಂದ. ಕೆಲಸದ ಸರದಿ ಹೀಗಿರಲಿ: ಬಫರ್ ಪಂಜರ ಮೊದಲು, ಫೇಜ್ ಪಂಜರ ಕೊನೆಗೆ, ಪ್ರತಿ ಪಂಜರಕ್ಕೆ ಹೊಸ ಕೈಗವಸು, ಬೇರೆ ಸೂಜಿ. ಸ್ಪಿರಿಟ್ ಒರೆಸಿದರೆ ಸಾಲದು. ಕವಚಕ್ಕೆ ಕೊಬ್ಬಿನ ಪದರ ಇಲ್ಲದ ವೈರಸ್‌ಗಳು ಸ್ಪಿರಿಟ್‌ಗೆ ಅಷ್ಟಾಗಿ ಬಗ್ಗುವುದಿಲ್ಲ, ಹೊಸದಾಗಿ ಕಲಸಿದ ಬ್ಲೀಚ್ ಬೇಕು.

ಇದೇ ಕಾರಣಕ್ಕೆ ಇನ್ನೊಂದು ಪರೀಕ್ಷೆ ಮಾಡಿಸಿ: ನಿಮ್ಮ ಇಲಿಗಳಲ್ಲಿ ಇಲಿ ನೊರೊವೈರಸ್ ಇದೆಯೇ? 2003ರಲ್ಲಿ ಮೊದಲು ವರದಿಯಾದ ಈ ವೈರಸ್ ಪ್ರಯೋಗಾಲಯದ ಇಲಿ ಸಾಕಣೆಗಳಲ್ಲಿ ತುಂಬಾ ಸಾಮಾನ್ಯ. ಇಲಿ ಆರೋಗ್ಯವಾಗಿಯೇ ಕಾಣುತ್ತದೆ. ಸಿಆರ್6 ಥರದ ತಳಿಗಳು ತಿಂಗಳುಗಟ್ಟಲೆ ಹಿಕ್ಕೆಯಲ್ಲಿ ಬರುತ್ತಲೇ ಇರುತ್ತವೆ, ಸಿಡಬ್ಲ್ಯೂ3 ಸಾಮಾನ್ಯವಾಗಿ ಬೇಗ ಹೋಗುತ್ತದೆ. ಅದು ಇದ್ದರೆ ಏನಂತೆ ಅನ್ನಬೇಡಿ. 2014ರಲ್ಲಿ ನ್ಯೂಯಾರ್ಕ್‌ನ ತಂಡ ತೋರಿಸಿದಂತೆ ಸೂಕ್ಷ್ಮಜೀವಿಯೇ ಇಲ್ಲದ ಇಲಿಗಳಿಗೂ ಆಂಟಿಬಯಾಟಿಕ್ ಕುಡಿದ ಇಲಿಗಳಿಗೂ ಈ ನೊರೊವೈರಸ್ ಹತ್ತಿದಾಗ ಕರುಳಿನ ರಚನೆ, ಲಿಂಫೊಸೈಟ್‌ಗಳ ಕೆಲಸ ಮತ್ತೆ ಸರಿದಾರಿಗೆ ಬಂತು. ಇಮ್ಯೂನ್ ಫಲಿತಾಂಶದಲ್ಲಿ ಕಂಡದ್ದು ಫೇಜ್‌ನಿಂದಲೋ ನೊರೊವೈರಸ್‌ನಿಂದಲೋ ಆಗ ಹೇಳಲಾಗದು. ಇಲಿ ಬಂದ ವಾರವೇ ಹಿಕ್ಕೆಯ ಆರ್‌ಟಿ-ಪಿಸಿಆರ್ ಮಾಡಿಸಿ.

ಗವೇಜ್‌ಗೆ: 20 ಗ್ರಾಂ ಇಲಿಗೆ 0.2 ಮಿಲೀ ಮೇಲ್ಮಿತಿ, 20 ಗೇಜ್ ಗುಂಡುತುದಿ ಸೂಜಿ. ಬಾಯಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಹೊರಗಿನಿಂದ ಅಳೆದು ಸೂಜಿಯ ಮೇಲೆ ಗುರುತು ಹಾಕಿಕೊಳ್ಳಿ. ಅಡ್ಡಿ ಸಿಕ್ಕಿದರೆ ತಳ್ಳಬೇಡಿ, ಹೊರತೆಗೆದು ಮತ್ತೆ ಹಾಕಿ. ಬರೀ ಪಿಬಿಎಸ್ ಬದಲು 20% ಸುಕ್ರೋಸ್, 2.6% ಸೋಡಿಯಂ ಬೈಕಾರ್ಬೊನೇಟ್, ಪಿಎಚ್ 8ರ ದ್ರಾವಣ ಬಳಸಿ. ಇಲಿಯ ಜಠರದ ಪಿಎಚ್ 3ರಿಂದ 4, ಎಷ್ಟೋ ಫೇಜ್‌ಗಳು ಅಲ್ಲೇ ಸಾಯುತ್ತವೆ. ಕೊಡುವ ಮೊದಲು ಪಿಎಚ್ 3ರಲ್ಲಿ 30 ನಿಮಿಷ ಇಟ್ಟು ಟೈಟರ್ ನೋಡಿದರೆ ನಿಮ್ಮದು ಎಷ್ಟು ಬಾಳುತ್ತದೆ ಗೊತ್ತಾಗುತ್ತದೆ. ಬಫರ್, ಡೋಸ್ ಸಂಖ್ಯೆ, ಕೊನೆಯ ದಿನದ ಅಂಗಾಂಶ, ಇವೆಲ್ಲ ನಿಮ್ಮ ಫಾರ್ಮ್ ಬಿಯಲ್ಲಿ (ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೇಳುವ ಅರ್ಜಿ) ಇಲ್ಲದಿದ್ದರೆ ಐಎಇಸಿಯಿಂದ (ಸಂಸ್ಥೆಯ ಪ್ರಾಣಿ ನೀತಿ ಸಮಿತಿ) ತಿದ್ದುಪಡಿ ಒಪ್ಪಿಗೆ ಪಡೆದ ಮೇಲೆಯೇ ಮುಂದುವರಿಯಿರಿ.

ಮೃದುಅಗರ್

ಐಸ್, ಸಿಟ್ರೇಟ್, ಪಂಜರದ ಸರದಿ, ಮೂರೂ ಇವತ್ತಿನಿಂದಲೇ. ಇನ್ನೆರಡು ಪ್ರಶ್ನೆ. ಕಂಟ್ರೋಲ್ ಇಲಿಗೆ ಬರೀ ಬಫರ್ ಸಾಕೇ? ಮತ್ತು ಇದೇ ಹಿಕ್ಕೆಯಿಂದ ವೈರೋಮ್ (ಅದರಲ್ಲಿರುವ ಎಲ್ಲ ವೈರಸ್‌ಗಳ) ಸೀಕ್ವೆನ್ಸಿಂಗ್ ಮಾಡಬಹುದೇ?

ಪ್ಲೇಕ್‌ಗಣಕ

ಬರೀ ಬಫರ್ ಸಾಲದು. ಲೈಸೇಟ್‌ನಲ್ಲಿ ಒಡೆದ ಇ. ಕೋಲಿಯ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯ ವಿಷ) ತುಂಬಿರುತ್ತದೆ. ಅದನ್ನು ಇಳಿಸಲು ಲೈಸೇಟ್‌ಗೆ 0.4 ಪಾಲು 1-ಆಕ್ಟನಾಲ್ ಸೇರಿಸಿ ಒಂದು ಗಂಟೆ ಅಲುಗಾಡಿಸಿ, 4 ಡಿಗ್ರಿಯಲ್ಲಿ ಎರಡು ಗಂಟೆ ಇಡಿ, 4,000 ಜಿ 10 ನಿಮಿಷ ತಿರುಗಿಸಿ ಕೆಳಗಿನ ನೀರಿನ ಪದರ ಮಾತ್ರ ತೆಗೆಯಿರಿ. ಆಕ್ಟನಾಲ್ ಉಳಿಯದಂತೆ ಡಯಾಲಿಸಿಸ್ ಆಗಬೇಕು. ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆಯ ಅಂಕಿಯನ್ನು ಪ್ರತಿ ಬ್ಯಾಚ್‌ಗೂ ಬರೆದಿಡಿ. ಕಂಟ್ರೋಲ್ ಎರಡು ಬೇಕು: ಫೇಜ್ ಇಲ್ಲದೆ ಸೋನಿಕೇಟ್ ಮಾಡಿ ಒಡೆದ ಇ. ಕೋಲಿ, ಇದೇ ಹಾದಿಯಲ್ಲಿ ಶುದ್ಧಿ ಮಾಡಿ ಎಂಡೋಟಾಕ್ಸಿನ್ ಮಟ್ಟ ಸಮ ಮಾಡಿದ್ದು. ಮತ್ತೊಂದು ಯುವಿ ತಾಗಿಸಿ ಪ್ಲೇಕ್ ಸೊನ್ನೆಯಾದ ಅದೇ ಫೇಜ್. ಯುವಿ ಫೇಜ್ ಬ್ಯಾಕ್ಟೀರಿಯಾದಲ್ಲಿ ಬೆಳೆಯುವುದಿಲ್ಲ, ಆದರೆ ಕಣ ಮತ್ತು ಡಿಎನ್‌ಎ ಇದ್ದೇ ಇರುತ್ತವೆ. 2019ರಲ್ಲಿ ಫೇಜ್ ಡಿಎನ್‌ಎ ಟಿಎಲ್‌ಆರ್9 (ಸೂಕ್ಷ್ಮಜೀವಿಗಳ ಡಿಎನ್‌ಎ ಗುರುತಿಸುವ ಇಮ್ಯೂನ್ ಗ್ರಾಹಕ) ಮೂಲಕ ಇಂಟರ್‌ಫೆರಾನ್ ಗಾಮಾ (ಇಮ್ಯೂನ್ ಸಂಕೇತದ ಪ್ರೋಟೀನ್) ಏರಿಸಿ ಇಲಿಯ ಕರುಳುರಿ ಹೆಚ್ಚಿಸುವುದನ್ನು ತೋರಿಸಿದ್ದಾರೆ, ಹಾಗಾಗಿ ಈ ಎರಡನ್ನೂ ಬೇರೆ ಮಾಡಿ ನೋಡಲೇಬೇಕು.

ವೈರೋಮ್ ಮಾಡಬಹುದು, ಮಾದರಿ ಬೇರೆ ತೆಗೆದಿಡಿ. 0.2 ಗ್ರಾಂ ಹಿಕ್ಕೆ, ಇಲ್ಲಿ ಎಸ್‌ಎಂ ಬಫರ್ ಸರಿ. 10,000 ಜಿ 10 ನಿಮಿಷ, 0.45 ಮೈಕ್ರಾನ್ ಫಿಲ್ಟರ್, ಆಮೇಲೆ ಡಿಎನ್ಏಸ್ (ಡಿಎನ್‌ಎ ಕತ್ತರಿಸುವ ಕಿಣ್ವ) 37 ಡಿಗ್ರಿಯಲ್ಲಿ ಒಂದು ಗಂಟೆ. ಕವಚದೊಳಗಿನದು ಉಳಿಯುತ್ತದೆ, ಹೊರಗಿನದು ಕರಗುತ್ತದೆ. 0.2 ಫಿಲ್ಟರ್ ಹಾಕಿದರೆ ದೊಡ್ಡ ಫೇಜ್‌ಗಳು ಹೋಗಿಬಿಡುತ್ತವೆ. ಡಿಎನ್‌ಎ ತೆಗೆದ ಮೇಲೆ 16ಎಸ್ ಪಿಸಿಆರ್‌ನಲ್ಲಿ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಬ್ಯಾಂಡ್ ಬಂದರೆ ಸೀಕ್ವೆನ್ಸಿಂಗ್‌ಗೆ ಕಳಿಸಬೇಡಿ, ಡಿಎನ್ಏಸ್ ಮತ್ತೆ ಮಾಡಿ. ಡಿಎನ್‌ಎ ಕಡಿಮೆ ಎಂದು ಎಂಡಿಎ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಬಳಸಿದರೆ ಉಂಗುರದ ಒಂಟಿ ಎಳೆಯ ಮೈಕ್ರೊವಿರಿಡೆ ಫೇಜ್‌ಗಳೇ ಉಬ್ಬಿ ಕಾಣುತ್ತವೆ, ಆ ಅಂಕಿಯಿಂದ ಯಾವುದು ಎಷ್ಟಿದೆ ಎಂದು ಹೇಳಲಾಗದು. ಮತ್ತೆ ನೊರೊವೈರಸ್ ಆರ್‌ಎನ್‌ಎ ವೈರಸ್. ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್ (ಆರ್‌ಎನ್‌ಎಯನ್ನು ಡಿಎನ್‌ಎಗೆ ಬದಲಿಸುವುದು) ಮಾಡದ ವೈರೋಮ್‌ನಲ್ಲಿ ಅದು ಕಾಣಲಿಲ್ಲ ಎಂದರೆ ಇಲಿಯಲ್ಲಿ ಇಲ್ಲ ಎಂದಲ್ಲ, ಆ ಪಿಸಿಆರ್ ಪ್ರತ್ಯೇಕವಾಗಿಯೇ ಆಗಬೇಕು.