ನನ್ನ ಮಾತಲ್ಲೇ ಬರೆದರೂ ಆಕರ ಕೊಡಬೇಕಾ?

ತುಂಗಾತೀರ (ತೀರ್ಥಹಳ್ಳಿ):
ಎಲ್ಲರಿಗೂ ನಮಸ್ಕಾರ. ಎಂ.ಎ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಅಡಿಕೆ ಕೊಳೆರೋಗಕ್ಕೆ ನಮ್ಮ ಕಡೆಯ ಬೆಳೆಗಾರರು ಮೊದಲಿನಿಂದ ಏನೇನು ಮಾಡಿಕೊಂಡು ಬಂದಿದ್ದಾರೆ ಅನ್ನುವುದು ನನ್ನ ಕಿರುಪ್ರಬಂಧದ ವಿಷಯ. ಓದಿದ್ದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ, ಬರೆಯುತ್ತಿರುವುದು ಕನ್ನಡದಲ್ಲಿ. ಯಾರ ಸಾಲನ್ನೂ ಹಾಗೇ ಎತ್ತಿಕೊಂಡಿಲ್ಲ. ಆದರೂ ಗೈಡ್ ಮೇಡಂ ಪ್ಯಾರಾ ಪ್ಯಾರಾಕ್ಕೂ ಪೆನ್ಸಿಲ್‌ನಲ್ಲಿ "ಎಲ್ಲಿಂದ?" ಅಂತ ಬರೆದಿದ್ದಾರೆ. ಎಲ್ಲದಕ್ಕೂ ಆಕರ ಕೊಡಬೇಕಾ? ಕೊಳೆರೋಗದ ಬಗ್ಗೆ ಕೋಲ್ಮನ್ ಅನ್ನುವ ವಿಜ್ಞಾನಿ 1910ರಲ್ಲಿ ಬರೆದದ್ದು ಬೇರೆಯವರ ಲೇಖನದಲ್ಲಿ ಸಿಕ್ಕಿತು, ಅದನ್ನು ಹೇಗೆ ಹಾಕಲಿ? ನಮ್ಮೂರ ಕೊನೆಗೌಡರು (ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು) ಹೇಳಿದ್ದನ್ನು?

ಶಂಕರಘಟ್ಟ ಹಾಸ್ಟೆಲ್:
ಬೇರೆಯವರ ಬರಹದ ಜೊತೆ ಹೋಲಿಕೆ 10% ಒಳಗಿದ್ದರೆ ಯುಜಿಸಿಯ 2018ರ ಕೃತಿಚೌರ್ಯದ ನಿಯಮದಲ್ಲಿ ದಂಡ ಇಲ್ಲ. 10ರಿಂದ 40 ಆದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ 6 ತಿಂಗಳವರೆಗೆ ಸಮಯ. ಇಂಗ್ಲಿಷ್‌ನಿಂದ ಕನ್ನಡಕ್ಕೆ ತಂದಿದ್ದನ್ನು ಹೋಲಿಕೆ ಹುಡುಕುವ ಸಾಫ್ಟ್‌ವೇರ್ ಸುಲಭಕ್ಕೆ ಹಿಡಿಯಲ್ಲ. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಸಾಗರದ ಮೇಷ್ಟ್ರು:
ಸಾಫ್ಟ್‌ವೇರ್ ಹಿಡಿಯುತ್ತೋ ಬಿಡುತ್ತೋ, ಅದು ಬೇರೆ ಮಾತು. ನಾಳೆ ನಿಮ್ಮ ಪ್ರಬಂಧ ಓದುವವರಿಗೆ ಯಾವುದು ಕೋಲ್ಮನ್ ಕಂಡಿದ್ದು, ಯಾವುದು ನೀವು ತೋಟದಲ್ಲಿ ಕಂಡಿದ್ದು ಅಂತ ಗೊತ್ತಾಗಬೇಕು. ಮಾತು ನಿಮ್ಮದಾದರೂ ವಿಷಯ ಅವರದು ಅಲ್ವಾ? ಕೊಡಲೇಬೇಕು.

ಇನ್ನೊಂದು, "ನನ್ನ ಮಾತು" ಅನ್ನುವುದನ್ನೂ ಸ್ವಲ್ಪ ನೋಡಿಕೊಳ್ಳಿ. ಒಂದು ವಾಕ್ಯ ನಾನೇ ಕಟ್ಟಿ ತೋರಿಸುತ್ತೇನೆ. ಮೂಲ ಹೀಗಿದೆ ಅಂದುಕೊಳ್ಳಿ (ಬೋರ್ಡೋ ಅಂದರೆ ಕೊಳೆರೋಗಕ್ಕೆ ಹೊಡೆಯುವ ಔಷಧಿ): "ಬಿಡುವಿಲ್ಲದೆ ಮಳೆ ಸುರಿದ ವರ್ಷ ಕೊಳೆರೋಗ ಬೇಗ ಹರಡುತ್ತದೆ, ಮಳೆಗೆ ಮುಂಚೆ ಬೋರ್ಡೋ ಸಿಂಪಡಿಸದ ತೋಟಗಳಲ್ಲಿ ಕಾಯಿ ಉದುರುವುದು ಹೆಚ್ಚು." ಇದನ್ನು "ನಿರಂತರ ಮಳೆಯಾದ ವರ್ಷ ಕೊಳೆರೋಗ ಶೀಘ್ರವಾಗಿ ಹಬ್ಬುತ್ತದೆ, ಮಳೆಗಾಲಕ್ಕೆ ಮೊದಲು ಬೋರ್ಡೋ ಹೊಡೆಯದ ತೋಟಗಳಲ್ಲಿ ಕಾಯಿ ಬೀಳುವುದು ಜಾಸ್ತಿ" ಅಂತ ಮಾಡಿದರೆ ಪದ ಬದಲಾಯಿತು, ವಾಕ್ಯದ ಅಚ್ಚು ಅದೇ ಉಳಿಯಿತು. ಕೆಳಗೆ ಆಕರ ಕೊಟ್ಟರೂ ಇದು ಸರಿಯಲ್ಲ. ಓದಿ, ಪುಸ್ತಕ ಮುಚ್ಚಿಟ್ಟು ಬರೆಯಿರಿ: "ಮಳೆ ಹಿಡಿಯುವ ಮೊದಲೇ ಔಷಧಿ ಬಿದ್ದ ತೋಟದಲ್ಲಿ ಕಾಯಿ ಹೆಚ್ಚು ಉಳಿಯುತ್ತದೆ ಎಂದು ಇವರು ಹೇಳುತ್ತಾರೆ. ಜಡಿಮಳೆಯ ವರ್ಷ ರೋಗ ಬೇಗ ಹಬ್ಬುವುದನ್ನೂ ಗುರುತಿಸಿದ್ದಾರೆ." ಜೊತೆಗೆ ಹೆಸರು, ವರ್ಷ. ಆಮೇಲೆ ಪುಸ್ತಕ ತೆರೆದು, ಅರ್ಥ ಎಲ್ಲಾದರೂ ತಿರುಗಿದೆಯಾ ಅಂತ ತಾಳೆ ನೋಡಿ.

ಹತ್ತು ಸಾಲಿನ ಪ್ಯಾರಾ ಬರೆದು ತುದಿಯಲ್ಲಿ ಕಂಸದೊಳಗೆ ಒಂದೇ ಒಂದು ಆಕರ ಇಟ್ಟರೆ, ಅವರದು ಎಲ್ಲಿಂದ ಶುರು ಅಂತ ಯಾರಿಗೂ ತಿಳಿಯಲ್ಲ. "ಕೋಲ್ಮನ್ ಪ್ರಕಾರ" ಅಂತ ಮೊದಲ ಸಾಲಲ್ಲೇ ಹೇಳಿಬಿಡಿ. ಅವರ ಮಾತು ಮುಗಿದು ನಿಮ್ಮದು ಶುರುವಾದಾಗ "ನಾನು ನೋಡಿದ ತೋಟಗಳಲ್ಲಿ" ಅನ್ನಿ. ಬೋರ್ಡೋ ದ್ರಾವಣ ಮೈಲುತುತ್ತು, ಸುಣ್ಣದಿಂದ ಆಗುತ್ತದೆ ಅನ್ನುವಂಥ ಎಲ್ಲರಿಗೂ ಗೊತ್ತಿರುವ ಮಾತಿಗೆ ಆಕರ ಬೇಡ.

ಕೋಲ್ಮನ್ ಅವರ 1910ರ ಬುಲೆಟಿನ್ ನೀವು ಕಣ್ಣಾರೆ ನೋಡಿಲ್ಲ ಅಂದರೆ, ನೋಡಿದ ಹಾಗೆ ಹಾಕಬೇಡಿ. "ಕೋಲ್ಮನ್, 1910, ಇಂಥವರ ಲೇಖನದಲ್ಲಿ ಉಲ್ಲೇಖಿಸಿದಂತೆ" ಅಂತ ಬರೆದು, ಕೊನೆಯ ಪಟ್ಟಿಯಲ್ಲಿ ನೀವು ಓದಿದ ಲೇಖನವನ್ನಷ್ಟೇ ಕೊಡಿ. ಮೂಲ ಸಿಕ್ಕರೆ ಇನ್ನೂ ಒಳ್ಳೆಯದು, ಹುಡುಕಿ.

ಕೊನೆಗೌಡರ ವಿಷಯದಲ್ಲಿ ಮಾತ್ರ ದಯವಿಟ್ಟು ಸಡಿಲ ಬಿಡಬೇಡಿ. ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕಬೇಕು ಅಂತ ಅವರು ತೋರಿಸಿಕೊಟ್ಟಿದ್ದರೆ, ಅದು ನಿಮಗೆ ಅವರಿಂದ ಬಂದ ತಿಳಿವಳಿಕೆ. ಸುಮ್ನೆ "ಹಳ್ಳಿಗರು ಹೇಳುತ್ತಾರೆ" ಅಂತ ತೇಲಿಸಬಾರದು. ಯಾರನ್ನು, ಎಲ್ಲಿ, ಯಾವಾಗ ಮಾತಾಡಿಸಿದಿರಿ ಅಂತ ವಿಧಾನದ ಅಧ್ಯಾಯದಲ್ಲಿ ಬರೆಯಿರಿ. ಹೆಸರು ಹಾಕಲು ಅವರ ಒಪ್ಪಿಗೆ ಕೇಳಿ. ಬೇಡ ಅಂದರೆ ಊರು, ವಯಸ್ಸು, ಎಷ್ಟು ವರ್ಷದಿಂದ ಮರ ಹತ್ತುತ್ತಿದ್ದಾರೆ, ಅಷ್ಟು ಸಾಕು.

ತುಂಗಾತೀರ (ತೀರ್ಥಹಳ್ಳಿ):
ತುಂಬಾ ಥ್ಯಾಂಕ್ಸ್ ಸರ್. ಒಂದೇ ಡೌಟು ಉಳಿದಿದೆ. ಇಂಗ್ಲಿಷ್ ವಾಕ್ಯವನ್ನು ನಾನೇ ಸಾಲಿಗೆ ಸಾಲು ಕನ್ನಡ ಮಾಡಿದರೆ ಉದ್ಧರಣ ಚಿಹ್ನೆ ಬೇಕಾ?

ಸಾಗರದ ಮೇಷ್ಟ್ರು:
ಆಕರ ಕೊಡುವ ಶೈಲಿಗಳು ಬೇರೆ ಬೇರೆ ಇವೆ. ಎಪಿಎ ಅನ್ನುವ ಶೈಲಿಯಲ್ಲಿ ಬೇಡ. ನೀವೇ ಅನುವಾದ ಮಾಡಿದ್ದನ್ನು ಅಲ್ಲಿ ಸ್ವಂತ ಮಾತಿನ ನಿರೂಪಣೆ ಅಂತಲೇ ಲೆಕ್ಕ ಹಿಡಿಯುತ್ತಾರೆ. ಹೆಸರು, ವರ್ಷ ಬೇಕೇ ಬೇಕು. ಎಂಎಲ್ಎ ಅನ್ನುವ ಇನ್ನೊಂದು ಶೈಲಿಯಾದರೆ ಚಿಹ್ನೆ ಹಾಕಿ, ಪುಟಸಂಖ್ಯೆ ಕೊಟ್ಟು, "ನನ್ನ ಅನುವಾದ" ಅಂತ ಸೇರಿಸಿ. ನಿಮ್ಮ ವಿಭಾಗದಲ್ಲಿ ಯಾವುದು ನಡೆಯುತ್ತೆ ಅಂತ ಮೇಡಂ ಹತ್ತಿರ ಇವತ್ತೇ ಕೇಳಿಬಿಡಿ.