ನೇತಾಜಿ ಧಾರಾವಾಹಿಯಲ್ಲಿ ತಪ್ಪಿಸಿಕೊಳ್ಳುವ ದೃಶ್ಯ ನಿಜಾನಾ?

ಪ್ರಶ್ನೆ: ನೇತಾಜಿ ಬಗ್ಗೆ ಒಂದು ಧಾರಾವಾಹಿ ನೋಡುತ್ತಿದ್ದೇನೆ. ಪೊಲೀಸ್ ಕಾವಲಿದ್ದ ಮನೆಯಿಂದ ವೇಷ ಹಾಕಿಕೊಂಡು ರಾತ್ರೋರಾತ್ರಿ ಕಾರಿನಲ್ಲಿ ಹೊರಟೇಬಿಡುತ್ತಾರೆ. ಇದು ನಿಜವಾಗಿ ನಡೆದದ್ದಾ, ಸುಮ್ನೆ ಸೇರಿಸಿದ್ದಾ?

ಉತ್ತರ: ನಿಜವೇ. 1941ರ ಜನವರಿ, ಕಲ್ಕತ್ತೆಯ ಎಲ್ಗಿನ್ ರಸ್ತೆಯ ಮನೆ. ಮಹಮ್ಮದ್ ಜಿಯಾವುದ್ದೀನ್ ಅನ್ನುವ ಹೆಸರಿಟ್ಟುಕೊಂಡಿದ್ದರು. ಕಾರು ಓಡಿಸಿದ್ದು ಅಣ್ಣ ಶರತ್ ಅವರ ಮಗ ಶಿಶಿರ್, ಆಗ ಅವರಿಗಿನ್ನೂ 20 ವರ್ಷ! ಗೋಮೊ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದರು. ಆ ವಾಂಡರರ್ ಕಾರು ಈಗಲೂ ಅದೇ ಮನೆಯಲ್ಲಿದೆ.

ಇನ್ನೊಂದು ಉತ್ತರ: ನನಗೆ ಜಾಸ್ತಿ ಕಾಡುವುದು ಅದರ ಮುಂದಿನ ಭಾಗ. ಪೆಶಾವರದಿಂದ ಕಾಬೂಲಿಗೆ ಹೋಗುವಾಗ, ಪಷ್ತೋ ಬಾರದ ಕಾರಣ ಕಿವುಡ-ಮೂಗನ ಹಾಗೆ ನಟಿಸಿದರು. ಮಾತಿನಿಂದಲೇ ಜನರನ್ನು ಎಬ್ಬಿಸುತ್ತಿದ್ದವರು ಬಾಯಿ ಬಿಡುವ ಹಾಗಿಲ್ಲ, ಎಂಥಾ ಕಷ್ಟ ಅಲ್ವಾ? ಆ ಮೌನಕ್ಕೇ ಒಂದು ಇಡೀ ಕಂತು ಕೊಡಬೇಕು.